ಹಾಸಿಗೆಯ ಬದಿಯ ಕೆಲಸ: ಮುದಿಪ್ರಾಯದವರ ಶುಶ್ರೂಷೆಗೆ ನಿಂತವರಿಗೆ ಕೆಲವು ಪಾಠಗಳು



ಕಳೆದ ಸಂಚಿಕೆಯಲ್ಲಿ ಇದೇ ಅಂಕಣದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕ್ರಮವನ್ನು ವಿವರಿಸಿದ್ದೆವು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸುವ ಕ್ರಮ ತಪ್ಪಿದರೆ ಮದ್ದೂ ಹಾಳು, ಫಸಲೂ ಹಾಳು. ಮರವೇರಿ ಮದ್ದು ಬಿಡುವವನು ಸಿಗಬೇಕಾದರೆ ನಾವು ತಿಂಗಳ ಮೊದಲೇ ಹೇಳಿಡುತ್ತೇವೆ. ಅವನಿಗೆ ಕೆಲಸ ಗೊತ್ತಿದೆಯೇ ಎಂದು ನಾಲ್ಕು ಮನೆಗಳಲ್ಲಿ ವಿಚಾರಿಸುತ್ತೇವೆ. ಕೇಳಿದಷ್ಟು ಸಂಬಳ ಕೊಡುತ್ತೇವೆ. ಹೊತ್ತಿಗೆ ಸರಿಯಾಗಿ ಚಾ, ಊಟ ಕೊಡುತ್ತೇವೆ. ಆದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಒಬ್ಬಳನ್ನು ಮನೆಗೆ ಕರೆತರುವಾಗ ಈ ಯಾವ ವಿಚಾರಣೆಯೂ ಇಲ್ಲ. "ಯಾರಾದರೂ ಒಬ್ಬಳು ಸಿಕ್ಕಿದರೆ ಸಾಕು ಫಾದರ್, ಏನು ಮಹಾ ಕೆಲಸ!" ಎಂಬ ಮಾತನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ.

ಈ ಸಲ ಆ 'ಮಹಾ ಕೆಲಸ'ದ ಬಗ್ಗೆಯೇ ಬರೆಯೋಣವೆಂದು ಮಾಡಿದ್ದೇವೆ. ನಮ್ಮ ಊರುಗಳಲ್ಲಿ ಅದನ್ನು ಮಾಡುವವರನ್ನು ಹೋಂ ನರ್ಸ್ ಎನ್ನುತ್ತಾರೆ, ಆಯಾ ಎನ್ನುತ್ತಾರೆ. ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ನರ್ಸಿಂಗ್ ಸಹಾಯಕಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಇದು ಕಲಿತು ಮಾಡಬೇಕಾದ ಕೆಲಸ. ಕಲಿಯದೆ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಸಂಗತಿಯನ್ನು ಮೊದಲು ಹೇಳುತ್ತೇವೆ.

ಒಂದು ಮನೆಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದಿನ ಮಾತು. ಮೊಗ್ರಾಲ್ ಹೊಳೆಯಿಂದ ಹೆಚ್ಚು ದೂರವಿಲ್ಲದ, ತೆಂಗಿನ ತೋಟದ ನಡುವಿನ ಒಂದು ಮನೆಗೆ ನಾವು ತಿಂಗಳಿಗೊಮ್ಮೆ ಅಸ್ವಸ್ಥರ ಭೇಟಿಗಾಗಿ ಹೋಗುತ್ತಿದ್ದೆವು. ಮನೆಯ ಹಿರಿಯಾಕೆಗೆ ಎಂಬತ್ತು ದಾಟಿತ್ತು. ಪಕ್ಷವಾತದಿಂದ ಬಲಭಾಗದ ಶಕ್ತಿ ಹೋಗಿ ಹಾಸಿಗೆ ಹಿಡಿದಿದ್ದರು. ಮಗ ಗಲ್ಫಿನಲ್ಲಿ, ಮಗಳು ಮುಂಬಯಿಯಲ್ಲಿ. ಸೊಸೆ ಮನೆಯಲ್ಲಿದ್ದರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವವರು. ಹಗಲು ರಾತ್ರಿ ಜೊತೆಯಲ್ಲಿರಲು ಬದಿಯಡ್ಕದ ಆಚೆಯ ಒಂದು ಹಳ್ಳಿಯಿಂದ ಇಪ್ಪತ್ತೆರಡರ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಅವಳು ಹಿರಿಯಾಕೆಯನ್ನು "ಬಾಯಮ್ಮಾ" ಎಂದು ಕರೆದು, ಗಂಜಿ ಕುಡಿಸಿ, ತಲೆ ಬಾಚಿ, ಬಟ್ಟೆ ಬದಲಾಯಿಸಿ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು.

ಒಂದು ಭೇಟಿಯಲ್ಲಿ ಕೋಣೆಯೊಳಗೆ ಕಾಲಿಟ್ಟಾಗ ಡೆಟಾಲಿನ ವಾಸನೆಯ ಜೊತೆಗೆ ಬೇರೊಂದು ವಾಸನೆ ಬಂತು. ವಿಚಾರಿಸಿದಾಗ, ಹಿರಿಯಾಕೆಯ ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವಲ್ಲಿ, ಅಂಗೈ ಅಗಲದ ಹುಣ್ಣಾಗಿದೆ ಎಂದು ತಿಳಿಯಿತು. ನಮಗೆ ಸಿಟ್ಟು ಬಂತು. "ನಿನ್ನನ್ನು ಇಲ್ಲಿ ಇಟ್ಟದ್ದು ಯಾತಕ್ಕೆ?" ಎಂದು ಆ ಹುಡುಗಿಯನ್ನು ಎಲ್ಲರೆದುರು ಗದರಿಸಿದೆವು.

ಅವಳು ತಲೆ ತಗ್ಗಿಸಿ ಹೇಳಿದ್ದು ಇಷ್ಟು: "ಹೊರಳಿಸಿ ಮಲಗಿಸಬೇಕು ಅಂತ ನನಗೆ ಯಾರೂ ಹೇಳಲಿಲ್ಲ ಫಾದರ್. ಮೈ ಅಲುಗಾಡಿಸಿದರೆ ಬಾಯಮ್ಮ ನರಳುತ್ತಾರೆ. ಪಾಪ, ನೋವಾಗುತ್ತದೆ ಅಂತ ನಾನು ಅಲುಗಾಡಿಸಲೇ ಇಲ್ಲ. ರಾತ್ರಿ ನಾಲ್ಕೈದು ಸಲ ಎದ್ದು ಎದ್ದು ನನಗೂ ತಲೆ ತಿರುಗುತ್ತದೆ. ಮನೆಗೆ ಹೋಗದೆ ನಾಲ್ಕು ತಿಂಗಳಾಯಿತು."

ನಮಗೆ ಮಾತು ಹೊರಡಲಿಲ್ಲ. ಆ ಹುಣ್ಣು ಅವಳ ಉದಾಸೀನದಿಂದ ಆದದ್ದಲ್ಲ. ಕರುಣೆಯಿಂದ ಆದದ್ದು, ತಿಳಿವಳಿಕೆಯಿಲ್ಲದ ಕರುಣೆಯಿಂದ. ಅವಳಿಗೆ ಕಲಿಸಬೇಕಾದವರು ಕಲಿಸಿರಲಿಲ್ಲ. ಮಲಗಲು ಬಿಡಬೇಕಾದವರು ಬಿಟ್ಟಿರಲಿಲ್ಲ. ತಿಂಗಳು ತಿಂಗಳು ಹೋಗಿ ಬರುತ್ತಿದ್ದ ನಾವೂ ಒಂದು ದಿನ ಅವಳನ್ನು "ನಿನಗೆ ಹೇಗಿದೆ?" ಎಂದು ಕೇಳಿದವರಲ್ಲ. ಆಮೇಲೆ ಪಂಚಾಯತಿನ ಪಾಲಿಯೇಟಿವ್ ನರ್ಸನ್ನು ಕರೆಸಿದೆವು. ಅವರು ಬಂದು ಹುಣ್ಣು ತೊಳೆದು ಕಟ್ಟಿದರು. ಅಷ್ಟಕ್ಕೇ ನಿಲ್ಲಿಸದೆ ಸೊಸೆಯನ್ನೂ ಹುಡುಗಿಯನ್ನೂ ಎದುರು ನಿಲ್ಲಿಸಿ ಒಂದು ಗಂಟೆ ಪಾಠ ಮಾಡಿದರು. ಹುಣ್ಣು ಒಣಗಲು ಐದು ತಿಂಗಳು ಬೇಕಾಯಿತು. ಅಂದು ಆ ಕೋಣೆಯಲ್ಲಿ ನಿಂತು ನಾವು ಕೇಳಿದ ಪಾಠವನ್ನು, ಅನಂತರ ವೈದ್ಯರಿಂದಲೂ ನರ್ಸ್ ಭಗಿನಿಯರಿಂದಲೂ ತಿಳಿದದ್ದನ್ನು ಸೇರಿಸಿ, ಇಲ್ಲಿ ಕೊಡುತ್ತೇವೆ.

ಪಾಠ ಒಂದು: ಹೊರಳಿಸುವುದು

ಆರೋಗ್ಯವಂತನು ನಿದ್ದೆಯಲ್ಲಿಯೂ ಮಗ್ಗುಲು ಬದಲಾಯಿಸುತ್ತಾನೆ. ಹಾಸಿಗೆ ಹಿಡಿದವರಿಗೆ ಅದು ಸಾಧ್ಯವಿಲ್ಲ. ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ರಕ್ತವಿಲ್ಲದ ಮಾಂಸ ಸಾಯುತ್ತದೆ. ಇದೇ ಹಾಸಿಗೆ ಹುಣ್ಣು, ಅಂದರೆ ಬೆಡ್‌ಸೋರ್. ಆದುದರಿಂದ ಹಗಲು ರಾತ್ರಿ ಸುಮಾರು ಎರಡು ಗಂಟೆಗೊಮ್ಮೆ ಭಂಗಿ ಬದಲಾಯಿಸಬೇಕು: ಎಡ ಮಗ್ಗುಲು, ಅಂಗಾತ, ಬಲ ಮಗ್ಗುಲು. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನಿನ ಹಿಂದೆ ತಲೆದಿಂಬು ಕೊಟ್ಟು ಸ್ವಲ್ಪ ಓರೆಯಾಗಿ ಮಲಗಿಸುವುದು ಒಳ್ಳೆಯದು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಅಡಿಗೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿರಬೇಕು.

ಕುರ್ಚಿಯಲ್ಲಿ ಕುಳಿತವರಿಗೆ ಹುಣ್ಣಾಗುವುದಿಲ್ಲವೆಂದು ತಿಳಿಯಬಾರದು. ಅವರನ್ನು ಇನ್ನೂ ಬೇಗ ಬೇಗ, ಗಂಟೆಗೊಮ್ಮೆಯಾದರೂ, ಆಚೀಚೆ ವಾಲಿಸಬೇಕು. ಟ್ಯೂಬಿನಂಥ ದುಂಡು ದಿಂಬಿನ ಮೇಲೆ ಕೂರಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನೇ ತಡೆಯುವುದರಿಂದ ಬೇಡ. ಏರ್‌ಬೆಡ್, ವಾಟರ್‌ಬೆಡ್ ಸಹಾಯ ಮಾಡುತ್ತವೆ ನಿಜ. ಆದರೆ ಏರ್‌ಬೆಡ್ ತಂದ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿದವರೂ ಇದ್ದಾರೆ. ಹಾಗೆ ಮಾಡಬಾರದು.

ಎಳೆಯುವುದು ಎಂಬುದೇ ಕೂಡದು. ಹಾಸಿಗೆಯ ಮೇಲೆ ಎಳೆದರೆ ಮುದಿ ಚರ್ಮ ಸುಲಿಯುತ್ತದೆ. ಭುಜದಿಂದ ತೊಡೆಯವರೆಗೆ ಬರುವಂತೆ ಒಂದು ಗಟ್ಟಿ ಬೆಡ್‌ಶೀಟನ್ನು ಮಡಚಿ ಮೈಯಡಿಯಲ್ಲಿ ಹಾಸಿರಬೇಕು. ಇಬ್ಬರು ಎರಡು ಬದಿಗಳಲ್ಲಿ ನಿಂತು ಅದನ್ನು ಹಿಡಿದೆತ್ತಿ ಸರಿಸಬೇಕು. "ಇಬ್ಬರು" ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿರಿ. ರಾತ್ರಿ ಒಬ್ಬಳೇ ಹುಡುಗಿಯನ್ನು ಬಿಟ್ಟು ಮನೆಯವರೆಲ್ಲ ಬಾಗಿಲು ಹಾಕಿ ಮಲಗಿದರೆ, ಆ ಎರಡನೆಯವರು ಎಲ್ಲಿಂದ ಬರಬೇಕು?

ಪಾಠ ಎರಡು: ಮೈ ತೊಳೆಯುವಾಗ ಮೈ ನೋಡುವುದು

ಸ್ನಾನದ ಹೊತ್ತು ಪರೀಕ್ಷೆಯ ಹೊತ್ತೂ ಹೌದು. ತಲೆಯ ಹಿಂಭಾಗ, ಹೆಗಲ ಎಲುಬು, ಮೊಣಕೈ, ಬೆನ್ನಿನ ಬುಡ, ಸೊಂಟದ ಪಕ್ಕ, ಕಾಲಿನ ಹರಡು, ಹಿಮ್ಮಡಿ: ಈ ಜಾಗಗಳನ್ನು ದಿನಾಲೂ ನೋಡಬೇಕು. ಕೆಂಪಾದಲ್ಲಿ ಬೆರಳಿನಿಂದ ಒತ್ತಿದರೆ ಬಣ್ಣ ಮಾಯವಾಗಬೇಕು. ಆಗದಿದ್ದರೆ ಹುಣ್ಣು ಆರಂಭವಾಗಿದೆ ಎಂದರ್ಥ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಿಸದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ನೇರಳೆ ಛಾಯೆ ಇದೆಯೇ, ಬಿಸಿಯೇ, ಗಟ್ಟಿಯೇ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು. ಅಂಥ ಜಾಗವನ್ನು ಎಣ್ಣೆ ಹಾಕಿ ತಿಕ್ಕಬಾರದು. ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಉಳಿದ ಒಣ ಚರ್ಮಕ್ಕೆ ತೆಂಗಿನೆಣ್ಣೆ ನಯವಾಗಿ ಸವರಬಹುದು. ಹುಣ್ಣಿಗೆ ಅರಸಿನ ಹುಡಿ, ಪೌಡರ್ ಏನನ್ನೂ ನಮ್ಮಷ್ಟಕ್ಕೆ ತುಂಬಬಾರದು. ನರ್ಸ್ ಹೇಳಿದಂತೆ ಮಾತ್ರ.

ನೀರಿನ ಬಿಸಿಯನ್ನು ಮೊದಲು ನಮ್ಮ ಮೊಣಕೈಯಿಂದ ನೋಡಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶವೇ ಇಲ್ಲದಿರಬಹುದು, ಸುಟ್ಟರೂ ತಿಳಿಯದಿರಬಹುದು. ಬೆರಳುಗಳ ಸಂದು, ಮೊಲೆಯಡಿ, ತೊಡೆಸಂದು ಒದ್ದೆಯಾಗಿರಲು ಬಿಡಬಾರದು. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಬೇಗನೆ ತುರಿ, ಬೂಷ್ಟು ಹಿಡಿಯುತ್ತದೆ. ಇನ್ನೊಂದು ಮಾತು: ಮೈ ತೊಳೆಯುವಾಗ ಬಾಗಿಲು ಮುಚ್ಚಿರಬೇಕು, ತೊಳೆಯುವ ಅಂಗವನ್ನು ಮಾತ್ರ ತೆರೆದು ಉಳಿದದ್ದಕ್ಕೆ ಬಟ್ಟೆ ಹೊದಿಸಿರಬೇಕು. ಮಾತಾಡಲು ಬಾರದವರಿಗೂ ಮಾನ ಇದೆ.

ಪಾಠ ಮೂರು: ಉಣಿಸುವುದು

ಪಕ್ಷವಾತವಾದವರಿಗೂ ಮರೆವು ಹೆಚ್ಚಾದವರಿಗೂ ನುಂಗುವ ಶಕ್ತಿ ಕುಗ್ಗುತ್ತದೆ. ಅನ್ನನಾಳಕ್ಕೆ ಹೋಗಬೇಕಾದ ಗಂಜಿ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಎಷ್ಟೋ ಮುದುಕರು ಹೋಗುವುದು ಮೂಲ ಕಾಯಿಲೆಯಿಂದಲ್ಲ, ಇದರಿಂದ. ಮಲಗಿದವರ ಬಾಯಿಗೆ ಏನನ್ನೂ ಹಾಕಬಾರದು. ಚೆನ್ನಾಗಿ ಎಬ್ಬಿಸಿ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ ಕೊಡಬೇಕು. ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು. ನೀರಿನಂಥ ತಿಳಿಯಲ್ಲಿ ಕೆಮ್ಮು ಬರುವವರಿಗೆ ಮಂದವಾದ ಗಂಜಿ, ರಾಗಿ ಮಣ್ಣಿ ಸುಲಭ. ಉಣ್ಣುವಾಗ ಕೆಮ್ಮಿದರೆ, ಸ್ವರ ಗೊರಗೊರ ಎಂದರೆ, ನಿಲ್ಲಿಸಬೇಕು. ಅರೆನಿದ್ದೆಯಲ್ಲಿರುವವರಿಗೆ ಕೊಡಲೇಬಾರದು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿಯೇ ಇಡಬೇಕು. ದಿನಕ್ಕೆರಡು ಸಲ ಬಾಯಿ ಶುಚಿ ಮಾಡಬೇಕು. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದಿಡಬೇಕು.

ಪಾಠ ನಾಲ್ಕು: ನೀರು ಮತ್ತು ವಿಸರ್ಜನೆ

ಮುದಿಪ್ರಾಯದಲ್ಲಿ ಬಾಯಾರಿಕೆ ತಿಳಿಯುವುದು ಕಡಿಮೆ. ಹಾಸಿಗೆ ಒದ್ದೆಯಾದೀತೆಂದು ನೀರು ಕೊಡುವುದನ್ನು ಕಡಿಮೆ ಮಾಡುವ ಮನೆಗಳಿವೆ. ಇದು ದೊಡ್ಡ ತಪ್ಪು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ಆಮೇಲೆ ತಲೆ ಕೆಟ್ಟಂತೆ ಬಡಬಡಿಕೆ. ನಿನ್ನೆಯವರೆಗೆ ಸರಿಯಾಗಿ ಮಾತಾಡಿದವರು ಇವತ್ತು ಒಮ್ಮೆಲೇ ಅಸಂಬದ್ಧ ಮಾತಾಡತೊಡಗಿದರೆ ಅದನ್ನು "ಅರಳು ಮರಳು" ಎಂದು ಬಿಟ್ಟುಬಿಡಬಾರದು. ಸೋಂಕು, ನೀರಿನ ಕೊರತೆ, ಮಲ ಕಟ್ಟಿರುವುದು ಅಥವಾ ಹೊಸ ಮದ್ದು, ಇವುಗಳಲ್ಲೊಂದು ಕಾರಣವಾಗಿರಬಹುದು. ಕಾರಣ ಸಿಕ್ಕಿದರೆ ಹೆಚ್ಚಿನ ಸಲ ಗುಣವಾಗುತ್ತದೆ. ವೈದ್ಯರು ಹೃದಯ ಅಥವಾ ಕಿಡ್ನಿಯ ಕಾಯಿಲೆಗಾಗಿ ನೀರಿಗೆ ಮಿತಿ ಹೇಳಿದ್ದರೆ ಮಾತ್ರ ಆ ಮಿತಿಯನ್ನು ಪಾಲಿಸಬೇಕು.

ಮೂತ್ರದ ಟ್ಯೂಬ್ ಹಾಕಿದ್ದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಟ್ಯೂಬ್ ಮಡಚಿಕೊಳ್ಳದಂತೆ, ಮಗ್ಗುಲು ಬದಲಾಯಿಸುವಾಗ ಎಳೆಯದಂತೆ ನೋಡಬೇಕು. ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ಡೈಪರ್ ಒದ್ದೆಯಾದ ಮೇಲೆ ಗಂಟೆಗಟ್ಟಲೆ ಇಡಬಾರದು. ಖರ್ಚು ಉಳಿಯಿತೆಂದು ಕಾಣಬಹುದು. ಹುಣ್ಣಾದ ಮೇಲೆ ಅದರ ಹತ್ತು ಪಾಲು ಹೋಗುತ್ತದೆ.

ಪಾಠ ಐದು: ಎಬ್ಬಿಸುವುದು

ನಡೆದಾಡುವ ಮುದುಕರ ದೊಡ್ಡ ಶತ್ರು ಬೀಳುವುದು. ಬಚ್ಚಲಿನ ಪಾಚಿ, ಜಾರುವ ಚಾಪೆ, ಹೊಸ್ತಿಲು, ರಾತ್ರಿಯ ಕತ್ತಲೆ, ಈ ನಾಲ್ಕನ್ನು ಸರಿಪಡಿಸಿದರೆ ಅರ್ಧ ಅಪಾಯ ಕಳೆಯಿತು. ಬಚ್ಚಲಲ್ಲಿ ಹಿಡಿಯಲು ಗೋಡೆಗೆ ಒಂದು ಕಬ್ಬಿಣದ ಸಲಾಕೆ, ರಾತ್ರಿ ಉರಿಯುವ ಒಂದು ಸಣ್ಣ ದೀಪ: ಇವಕ್ಕೆ ಆಗುವ ಖರ್ಚು ಎಷ್ಟು? ಮಲಗಿದವರನ್ನು ಒಮ್ಮೆಲೇ ನಿಲ್ಲಿಸಬಾರದು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಿಸಿ, ತಲೆ ತಿರುಗುವುದಿಲ್ಲವೆಂದು ಕೇಳಿ, ಆಮೇಲೆ ಎಬ್ಬಿಸಬೇಕು.

ಎತ್ತುವವರ ಬೆನ್ನೂ ಮುಖ್ಯ. ಸೊಂಟ ಬಗ್ಗಿಸಿ ಎತ್ತಬಾರದು. ಕಾಲುಗಳನ್ನು ಅಗಲಿಸಿ, ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಆಸರೆ ಕೊಡುವವರನ್ನು ನಮ್ಮ ಮೈಗೆ ಹತ್ತಿರ ಹಿಡಿದು ಏಳಬೇಕು. ಮೂವತ್ತು ದಾಟುವ ಮೊದಲೇ ಸೊಂಟ ನೋವಿನಿಂದ ಈ ಕೆಲಸ ಬಿಟ್ಟವರನ್ನು ನಾವು ಕಂಡಿದ್ದೇವೆ.

ಪಾಠ ಆರು: ಮರೆವು ಮತ್ತು ಮಾತು

ಮರೆಗುಳಿ ಕಾಯಿಲೆಯವರು, ಅಂದರೆ ಡಿಮೆನ್ಶಿಯಾ ಆದವರು, "ನನ್ನ ಅಮ್ಮ ಎಲ್ಲಿ?" ಎಂದು ಕೇಳಿದಾಗ "ಅವರು ಸತ್ತು ನಲವತ್ತು ವರ್ಷವಾಯಿತು" ಎಂದು ತಿದ್ದಿದರೆ, ಅವರಿಗೆ ಅಮ್ಮ ಆ ಕ್ಷಣ ಸತ್ತಂತೆ. ವಾದ ಬೇಡ. "ಅಮ್ಮ ಏನು ಅಡುಗೆ ಮಾಡುತ್ತಿದ್ದರು?" ಎಂದು ಮಾತು ತಿರುಗಿಸಬಹುದು. ಎದುರಿನಿಂದ ಹೋಗಿ, ಹೆಸರು ಅಥವಾ ಸಂಬಂಧ ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಹೊಡೆಯಲು ಬಂದರೆ, ಬಟ್ಟೆ ಬಿಚ್ಚಿಹಾಕಿದರೆ, ಅದರ ಹಿಂದೆ ಏನೋ ಕಾರಣವಿದೆ: ನೋವು, ಮೂತ್ರ, ಸೆಕೆ, ಹೆದರಿಕೆ. ಕಾರಣ ಹುಡುಕಬೇಕೇ ಹೊರತು ಗದರಿಸಬಾರದು, ಕಟ್ಟಿಹಾಕಬಾರದು.

ಇಲ್ಲಿ ನಮ್ಮ ಗಡಿನಾಡಿನದೇ ಆದ ಒಂದು ಕಷ್ಟವಿದೆ. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಎಳವೆಯ ಭಾಷೆ ಉಳಿಯುತ್ತದೆ. ಇಂದು ಎಂಬತ್ತು ದಾಟಿದವರು ಶಾಲೆಗೆ ಸೇರಿದಾಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅವರಲ್ಲಿ ಅನೇಕರ ಎದೆಯಲ್ಲಿರುವುದು ಕನ್ನಡ, ತುಳು, ಕೊಂಕಣಿ, ಬ್ಯಾರಿ. ಈಗ ಶುಶ್ರೂಷೆಗೆ ಬರುವವರು ಹಲವು ಸಲ ತೆಂಕಣ ಜಿಲ್ಲೆಗಳ ಮಲಯಾಳ ಮಾತ್ರ ಬಲ್ಲ ಹುಡುಗಿಯರು. ಅಜ್ಜಿ "ಬಡವು" ಎಂದು ಅಳುತ್ತಾರೆ. ತುಳುವಿನಲ್ಲಿ ಅದು ಹಸಿವು ಎಂದು ಅವಳಿಗೆ ತಿಳಿಯದು. ನೋವೆಂದು ತಿಳಿದು ಮಾತ್ರೆ ಕೊಡುತ್ತಾಳೆ. ಆದುದರಿಂದ ಹೊಸಬಳು ಬಂದ ಮೊದಲ ದಿನವೇ ಹತ್ತು ಮಾತುಗಳನ್ನು ಒಂದು ಕಾಗದದಲ್ಲಿ ಬರೆದು ಮಂಚದ ಹತ್ತಿರ ಅಂಟಿಸಿರಿ. ನೀರು ಎಂಬುದಕ್ಕೆ ಮಲಯಾಳದಲ್ಲಿ ವೆಳ್ಳಂ, ಕೊಂಕಣಿಯಲ್ಲಿ ಉದಾಕ್. ನೋವಿಗೆ ಮಲಯಾಳದಲ್ಲಿ ವೇದನ, ತುಳುವಿನಲ್ಲಿ ಬೇನೆ, ಕೊಂಕಣಿಯಲ್ಲಿ ದೂಕ್. ಹಸಿವು, ಚಳಿ, ಸೆಕೆ, ಮೂತ್ರ, ಹೆದರಿಕೆ, ಸಾಕು, ಬೇಡ, ಇಷ್ಟು ಸೇರಿದರೆ ಒಂದು ಮನೆ ನಡೆಯುತ್ತದೆ.

ಪಾಠ ಏಳು: ಮಿತಿ ಮತ್ತು ಪುಸ್ತಕ

ಸಹಾಯಕಿ ನರ್ಸ್ ಅಲ್ಲ. ಜನರಲ್ ನರ್ಸಿಂಗಿಗೆ ಮೂರು ವರ್ಷ, ಎ.ಎನ್.ಎಂ. ಕೋರ್ಸಿಗೆ ಎರಡು ವರ್ಷ ಓದಬೇಕಾಗುತ್ತದೆ. ಸಹಾಯಕಿಯ ತರಬೇತಿ ಕೆಲವೇ ತಿಂಗಳದ್ದು; ಎಷ್ಟೋ ಮಂದಿಗೆ ಅದೂ ಇರುವುದಿಲ್ಲ. ಆದುದರಿಂದ ಚೀಟಿಯಲ್ಲಿ ಬರೆದ ಮದ್ದನ್ನು ಬರೆದ ಹೊತ್ತಿಗೆ ಕೊಡುವುದು ಮಾತ್ರ ಅವಳ ಕೆಲಸ. ಮದ್ದು ಹೆಚ್ಚಿಸುವುದು, ನಿಲ್ಲಿಸುವುದು, ಪಕ್ಕದ ಮನೆಯವರ ಮಾತ್ರೆ ಕೊಡುವುದು ಕೂಡದು. ಎಲ್ಲ ಮಾತ್ರೆಗಳನ್ನೂ ಹುಡಿ ಮಾಡಿ ಕೊಡಬಾರದು. ಕೆಲವನ್ನು ಇಡಿಯಾಗಿಯೇ ನುಂಗಬೇಕು. ಕೇಳಿ ತಿಳಿಯಬೇಕು. ಕಲಿಸದೆ ಇನ್ಸುಲಿನ್ ಚುಚ್ಚು ಎಂದು ಮನೆಯವರು ಒತ್ತಾಯಿಸಿದರೆ "ನನಗೆ ಗೊತ್ತಿಲ್ಲ" ಎನ್ನುವ ಧೈರ್ಯ ಅವಳಿಗಿರಬೇಕು. ಆ ಮಾತಿಗೆ ಮನೆಯವರು ಬೆಲೆ ಕೊಡಬೇಕು.

ನೂರು ಪುಟದ ಒಂದು ನೋಟ್‌ಬುಕ್ ಮಂಚದ ಬಳಿ ಇರಲಿ. ಯಾವ ಹೊತ್ತಿಗೆ ಯಾವ ಮಗ್ಗುಲು, ಎಷ್ಟು ಗಂಜಿ, ಎಷ್ಟು ನೀರು, ಮೂತ್ರ, ಮಲ, ಮದ್ದು, ಹೊಸ ಕಲೆ, ಇಷ್ಟನ್ನು ಬರೆಯಬೇಕು. ಕನ್ನಡವೋ ಮಲಯಾಳವೋ, ಬರುವ ಭಾಷೆಯಲ್ಲಿ. ಮಂಗಳೂರಿನ ವೈದ್ಯರ ಮುಂದೆ ಈ ಪುಸ್ತಕವಿಟ್ಟರೆ ಅರ್ಧ ಪರೀಕ್ಷೆ ಮುಗಿದಂತೆ. ಬಾಯಿ ಒಂದು ಬದಿಗೆ ವಾಲಿದರೆ, ಕೈ ಒಮ್ಮೆಲೇ ಬಿದ್ದುಹೋದರೆ, ಉಸಿರಾಟ ಕಷ್ಟವಾದರೆ, ಬಿದ್ದು ತಲೆಗೆ ಪೆಟ್ಟಾದರೆ, ಮೂತ್ರ ನಿಂತರೆ, ಜ್ವರ ಬಂದರೆ, ಹುಣ್ಣು ಕಪ್ಪಾದರೆ, ಪುಸ್ತಕ ಬರೆಯುತ್ತಾ ಕೂರದೆ ಕೂಡಲೇ ತಿಳಿಸಬೇಕು.

ನೋಡಿಕೊಳ್ಳುವವರನ್ನು ಯಾರು ನೋಡಬೇಕು?

ಮೇಲಿನ ಏಳು ಪಾಠಗಳು ಸಹಾಯಕಿಗೆ. ಇನ್ನು ಹೇಳುವುದು ಮನೆಯವರಿಗೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕಾದವಳು ಯಾವಾಗ ಮಲಗಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಆ ಕೆಲಸವನ್ನು ಕೇಳುವ ಹಕ್ಕು ನಮಗಿಲ್ಲ.

ಮುದುಕರ ಶುಶ್ರೂಷೆಗೆ ಹೆಸರಾದ ಫ್ರಾನ್ಸಿನ ಜಾನ್ ಜುಗಾನ್ ಎಂಬಾಕೆ, ತರುಣಿಯಾಗಿದ್ದಾಗ ಸೇಂಟ್ ಸರ್ವಾನ್ ಪಟ್ಟಣದ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಆರು ವರ್ಷ ದುಡಿದು, ಮೈ ಸೋತು ಆ ಕೆಲಸ ಬಿಡಬೇಕಾಯಿತು. ವಿಶ್ರಾಂತಿಯಿಂದ ಚೇತರಿಸಿಕೊಂಡ ಮೇಲೆಯೇ, 1839ರ ಚಳಿಗಾಲದಲ್ಲಿ, ಕುರುಡಿಯಾದ ಒಬ್ಬ ಮುದುಕಿಯನ್ನು ಮನೆಗೆ ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿದರು. ಅಲ್ಲಿಂದ ಬೆಳೆದ ಭಗಿನಿಯರ ಸಂಸ್ಥೆ ಬೆಂಗಳೂರಿನಲ್ಲಿಯೂ ವೃದ್ಧಾಶ್ರಮ ನಡೆಸುತ್ತಿದೆ. 2009ರಲ್ಲಿ ಆಕೆಯನ್ನು ಸಂತಳೆಂದು ಸಾರಲಾಯಿತು. ಸಂತರಾಗುವವರಿಗೂ ಮೈ ಸೋಲುತ್ತದೆ ಎಂಬುದನ್ನು ನಾವು ಮರೆಯಬಾರದು.

ಕನಿಷ್ಠ ಇಷ್ಟಾದರೂ ಬೇಕು: ರಾತ್ರಿಯ ಪಾಳಿಯಲ್ಲಿ ಮನೆಯವರ ಪಾಲು; ದಿನಕ್ಕೆ ಒಡೆಯದ ಆರೇಳು ಗಂಟೆ ನಿದ್ದೆ; ವಾರಕ್ಕೊಂದು ರಜೆ; ತಿಂಗಳ ಸಂಬಳ ತಡವಿಲ್ಲದೆ ಅವಳ ಕೈಗೇ ಅಥವಾ ಅವಳ ಬ್ಯಾಂಕ್ ಖಾತೆಗೇ; ಮಲಗಲು ಚಿಲಕವಿರುವ ಕೋಣೆ; ನಾವು ಉಣ್ಣುವ ಊಟವೇ ಅವಳಿಗೂ. ಅಡುಗೆ, ಬಟ್ಟೆ ಒಗೆಯುವುದು, ಅಂಗಳ ಗುಡಿಸುವುದನ್ನೆಲ್ಲ ಅವಳ ತಲೆಗೆ ಕಟ್ಟಬಾರದು. ಮನೆಯ ಗಂಡಸರಿಂದ ಕಿರುಕುಳವಾದರೆ ಅವಳು ಬಾಯಿಮುಚ್ಚಿ ಸಹಿಸಬೇಕಾಗಿಲ್ಲ. 2013ರ ಕಾನೂನು ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಸಂಬಳವಿಲ್ಲದೆ ನೋಡಿಕೊಳ್ಳುವ ಸೊಸೆ, ಮಗಳು, ಹೆಂಡತಿಗೂ ಇದೇ ಮಾತು. ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಮ್ಮ ಜಿಲ್ಲೆಯ ಎಣ್ಮಕಜೆ ಮೊದಲಾದ ಊರುಗಳಲ್ಲಿ, ಎದ್ದು ಕೂರಲಾರದ ಮಕ್ಕಳನ್ನು ಇಪ್ಪತ್ತು, ಮೂವತ್ತು ವರ್ಷ ಮಗ್ಗುಲು ಬದಲಾಯಿಸಿ ಸಾಕಿದ ತಾಯಂದಿರಿದ್ದಾರೆ. ಅವರ ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ. ಆದರೆ ಈ ಜಿಲ್ಲೆಯಲ್ಲಿ ಈ ಕೆಲಸವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಕಲಿಯಬೇಕೆನ್ನುವವರು ಅವರನ್ನು ಕೇಳಬಹುದು.

ಹತ್ತಿರವೇ ಇರುವ ನೆರವು

2011ರ ಜನಗಣತಿಯಂತೆ ದೇಶದಲ್ಲಿ ಅರುವತ್ತು ದಾಟಿದವರು 100ಕ್ಕೆ ಸುಮಾರು 8.6, ಕೇರಳದಲ್ಲಿ 12.6. ಮಕ್ಕಳು ಹೊರಗೆ, ಹೆತ್ತವರು ಒಳಗೆ, ಇದು ನಮ್ಮ ಮನೆಗಳ ಚಿತ್ರ. ಆದರೆ ಇದಕ್ಕೊಂದು ದಾರಿಯನ್ನು ತೋರಿಸಿದ್ದೂ ಕೇರಳವೇ. 1993ರಲ್ಲಿ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು ಆರಂಭಿಸಿದ ನೋವು ಮತ್ತು ಸಾಂತ್ವನ ಚಿಕಿತ್ಸೆಯ ಸಂಘ, ಊರಿನ ಸ್ವಯಂಸೇವಕರನ್ನೇ ಕಟ್ಟಿಕೊಂಡು ಮನೆ ಮನೆಗೆ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರ ಇದನ್ನು ನೀತಿಯಾಗಿ ಒಪ್ಪಿಕೊಂಡಿತು. ಹೀಗಾಗಿ ಪಂಚಾಯತಿನ ಆರೋಗ್ಯ ಕೇಂದ್ರದ ಮೂಲಕ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಬರುತ್ತಾರೆ. ಕ್ಯಾನ್ಸರ್ ಆಗಿರಬೇಕೆಂದಿಲ್ಲ, ಪಕ್ಷವಾತ, ಮುದಿತನದ ಬಲಹೀನತೆಯೂ ಸೇರುತ್ತದೆ. ಆಶಾ ಕಾರ್ಯಕರ್ತೆಗೆ ಅಥವಾ ವಾರ್ಡ್ ಮೆಂಬರರಿಗೆ ಹೇಳಿ ಹೆಸರು ಬರೆಸಿರಿ. ಹಾಸಿಗೆ ಹಿಡಿದವರನ್ನು ಪೂರ್ಣಕಾಲ ನೋಡಿಕೊಳ್ಳುವ ಮನೆಯವರಿಗಾಗಿ ರಾಜ್ಯ ಸರಕಾರದ 'ಆಶ್ವಾಸಕಿರಣಂ' ಎಂಬ ಸಹಾಯಧನದ ಯೋಜನೆಯಿದೆ. ಅದರ ಬಗ್ಗೆಯೂ ವಿಚಾರಿಸಿರಿ. ಹಿರಿಯರ ಯಾವುದೇ ಸಂಕಟಕ್ಕೆ 14567 ಎಂಬ ದೂರವಾಣಿ ಸಹಾಯವಾಣಿ ಇದೆ.

ಮೊಗ್ರಾಲಿನಿಂದ ಮಂಗಳೂರಿಗೆ ಸುಮಾರು 40 ಕಿಲೋಮೀಟರ್. ಏನಾದರೂ ಆದರೆ ಅಲ್ಲಿಗೆ ಓಡುವುದು ನಮ್ಮ ಅಭ್ಯಾಸ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ, ಆ 40 ಕಿಲೋಮೀಟರ್ ಎಷ್ಟು ದೂರವಾಗಬಲ್ಲದು ಎಂದು ನಾವೆಲ್ಲ ನೋಡಿದೆವು; ದಾಟಲಾಗದೆ ಪ್ರಾಣ ಬಿಟ್ಟವರಿದ್ದಾರೆ. ದೂರದ ಆಸ್ಪತ್ರೆ ಬೇಕು. ಆದರೆ ದಿನಾಲೂ ಕಾಪಾಡುವುದು ಮಂಚದ ಬದಿಯ ತಿಳಿದ ಕೈ.

ಹೊರದೇಶಕ್ಕೆ ಹೊರಟವರಿಗೆ

ನಮ್ಮ ಕರಾವಳಿಯ ಅನೇಕರು ಇಸ್ರೇಲಿನಲ್ಲಿ ಮುದುಕರ ಆರೈಕೆಯ ಕೆಲಸದಲ್ಲಿದ್ದಾರೆ. ಮನೆಯಲ್ಲಿ "ಏನು ಮಹಾ ಕೆಲಸ" ಎನಿಸಿಕೊಂಡದ್ದೇ ಅಲ್ಲಿ ಸಾಲ ತೀರಿಸಿದೆ, ಮನೆ ಕಟ್ಟಿಸಿದೆ. ಅಪಾಯವೂ ಇದೆ: 2021ರ ಮೇ ತಿಂಗಳಲ್ಲಿ ಅಶ್ಕೆಲೋನಿನಲ್ಲಿ ಇಡುಕ್ಕಿ ಜಿಲ್ಲೆಯ ಆರೈಕೆದಾರಿಯೊಬ್ಬರು ರಾಕೆಟ್ ದಾಳಿಗೆ ಬಲಿಯಾದರು. ಬ್ರಿಟನ್ 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸದವರಿಗೆ ವೀಸಾ ತೆರೆಯಿತು; 2024ರ ಮಾರ್ಚಿನಿಂದ ಹೊಸಬರು ಕುಟುಂಬವನ್ನು ಕರೆದೊಯ್ಯುವುದನ್ನು ತಡೆಯಿತು; 2025ರ ಜುಲೈ 22ರಿಂದ ಈ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಆ ಬಾಗಿಲು ಇನ್ನೂ ತೆರೆದಿದೆ ಎಂದು ಹಣ ಕೇಳುವ ಏಜೆಂಟನನ್ನು ನಂಬಬೇಡಿರಿ. ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟನು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ತೆರಿಗೆ ಮಾತ್ರ. ಲಕ್ಷಗಟ್ಟಲೆ ಕೇಳಿದರೆ ತೋಟ ಅಡವಿಡುವ ಮೊದಲು ನಾಲ್ಕು ಜನರನ್ನು ವಿಚಾರಿಸಿರಿ.

ಮುಗಿಸುವ ಮುನ್ನ

ಆ ಮನೆಯ ಹಿರಿಯಾಕೆ ಹುಣ್ಣು ಒಣಗಿದ ಮೇಲೆ ಒಂದೂವರೆ ವರ್ಷ ಬದುಕಿದ್ದರು. ಮತ್ತೆ ಹುಣ್ಣಾಗಲಿಲ್ಲ. ರಾತ್ರಿ ಹನ್ನೆರಡಕ್ಕೂ ಎರಡಕ್ಕೂ ಸೊಸೆ ಎದ್ದು ಹೊರಳಿಸುತ್ತಿದ್ದರು, ನಾಲ್ಕಕ್ಕೆ ಆ ಹುಡುಗಿ. ಭಾನುವಾರ ಹುಡುಗಿ ಊರಿಗೆ ಹೋಗುತ್ತಿದ್ದಳು. ಹಿರಿಯಾಕೆ ತೀರಿಹೋದ ದಿನ ಮೈ ತೊಳೆಸಲು ನೆರೆಯ ಹೆಂಗಸರು ಬಂದಾಗ, ಬೆನ್ನು ನೋಡಿ ಒಬ್ಬರು "ಎಷ್ಟು ಶುಚಿಯಾಗಿ ಇಟ್ಟಿದ್ದಾರೆ!" ಎಂದರಂತೆ. ಆ ಹುಡುಗಿ ಈಗ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದಾಳೆ. ಹೊಸದಾಗಿ ಸೇರಿದವರಿಗೆ ಹೊರಳಿಸುವುದನ್ನು ಅವಳೇ ಕಲಿಸುತ್ತಾಳೆ. ಅಂದು ಗದರಿಸಿದ್ದಕ್ಕೆ ನಾವು ಅವಳ ಕ್ಷಮೆ ಕೇಳಿದ್ದೇವೆ.

ವಾರ್ಡ್ ಕೂಟದಲ್ಲಿ ಚರ್ಚಿಸಲು:

1. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ? ಅವರ ಹೆಸರು ಪಂಚಾಯತಿನ ಪಾಲಿಯೇಟಿವ್ ಪಟ್ಟಿಯಲ್ಲಿದೆಯೇ?

2. ಅವರನ್ನು ನೋಡಿಕೊಳ್ಳುವವರು ಕೊನೆಯ ಸಲ ಇಡೀ ರಾತ್ರಿ ಮಲಗಿದ್ದು ಯಾವಾಗ? ತಿಂಗಳಿಗೆ ಒಂದು ರಾತ್ರಿಯಾದರೂ ಅವರ ಬದಲಿಗೆ ಕೂರಲು ನಮ್ಮಲ್ಲಿ ಯಾರು ತಯಾರಿದ್ದಾರೆ?

3. ಹೊರಳಿಸುವುದು, ಉಣಿಸುವುದು, ಎಬ್ಬಿಸುವುದು: ಈ ಮೂರನ್ನು ಕೈಯಾರೆ ಮಾಡಿ ತೋರಿಸಲು ನರ್ಸ್ ಒಬ್ಬರನ್ನು ಯಾವ ದಿನ ಕರೆಸೋಣ?

ಮುಂದಿನ ಸಂಚಿಕೆಯಲ್ಲಿ: ತೆಂಗಿನ ಕೆಂಪುಮೂತಿ ಹುಳದ ಹತೋಟಿ.